ಕೊಳೆ ಕೋಣೆಗೆ ಹೋದ ಮೂವರು

"ನಾನು ಸಹಿ ಹಾಕೇ ಇಲ್ಲ ಸಿಸ್ಟರ್," ಎಂದಳು ಲಿಯಾಂಟೀನ್, ಬಾಯಿತುಂಬ ಹುರಿದ ಮೀನು ತುಂಬಿಕೊಂಡು.

ಸಂಘದ ಹಾಲ್‌ನ ಅಡುಗೆಮನೆಯಲ್ಲಿ ಒಡೆಸ್ಸಾ ಟಾಲಿವರ್ ನಿಂಬೆಹೋಳು ಹಿಂಡುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು.

"ಏನಂದೆ?"

"ಸಂಘದ ಚೀಟಿಗೆ ಸಹಿ. ಹಾಕಿಲ್ಲ. ಪೆನ್ನು ಮುಟ್ಟಿಲ್ಲ. ಸುಳ್ಳಾದ್ರೆ ಈ ಮೀನು ಗಂಟಲಲ್ಲೇ ನಿಂತ್ಕೊಳ್ಳಿ."

ಮೀನು ನಿಲ್ಲಲಿಲ್ಲ. ಸರಾಗವಾಗಿ ಇಳಿಯಿತು. ಅವಳು ಇನ್ನೊಂದು ತುಂಡು ಎತ್ತಿಕೊಂಡಳು.

ಮೂರು ವಾರದ ಹಿಂದೆ ನಮ್ಮ ಲಾಂಡ್ರಿಯ ಮೂವರು ಹೆಂಗಸರನ್ನು ಒಂದೇ ಬೆಳಿಗ್ಗೆ ಕೊಳೆ ಕೋಣೆಗೆ ಎತ್ತಿಹಾಕಿದ್ದರು. ಕಾರ್ಮಿಕ ಸಂಘ ಬೇಕೆಂದು ಸಹಿ ಹಾಕಿದವರ ಗುಟ್ಟಿನ ಪಟ್ಟಿ ಕಂಪನಿಯ ಕೈಗೆ ಸಿಕ್ಕಿದೆಯೆಂದು ಅಂದಿನಿಂದ ನಾವು ಕಳ್ಳನ ಬೆನ್ನು ಹತ್ತಿದ್ದೆವು. ಆ ಮೂವರಲ್ಲಿ ಲಿಯಾಂಟೀನ್ ಒಬ್ಬಳು.

ಕೊಳೆ ಕೋಣೆ ಎಂದರೆ ಮಿಲ್ವಾಕಿ ನಗರದ ಅಷ್ಟೂ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಬಂದು ಬೀಳುವ ಜಾಗ. ರಕ್ತ, ವಾಂತಿ, ಬಟ್ಟೆಯ ಮಡಿಕೆಯೊಳಗೆ ಉಳಿದುಹೋದ ಸೂಜಿ. ವಾರಕ್ಕೆ ಒಂದೇ ಜೊತೆ ಕೈಗವಸು. ಕಂಪನಿಯ ಗೋಡೆಯ ಮೇಲೆ ಮಾತ್ರ 'ಇಲ್ಲಿ ಎಲ್ಲರೂ ಒಂದೇ ಕುಟುಂಬ' ಎಂದು ದೊಡ್ಡಕ್ಷರದಲ್ಲಿ ಬರೆಸಿದ್ದಾರೆ. ಆ ಕುಟುಂಬದ ಯಜಮಾನ ಆ ಕೋಣೆಯೊಳಗೆ ಕಾಲಿಟ್ಟಿದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ.

"ಹಾಗಾದ್ರೆ ಮೂರು ವಾರ ಬಾಯಿ ಮುಚ್ಕೊಂಡು ಯಾಕೆ ಇದ್ದೆ?" ಎಂದೆ ನಾನು.

"ಹೆಂಗೆ ಬಾಯಿ ಬಿಡ್ಲಿ ನಿಡಿಯಾ? ಆವತ್ತು ಸಂಜೆ ಇಲ್ಲಿ ಬಂದ್ರೆ ಎಲ್ಲಾರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಯಾರೋ ತಬ್ಬಿಕೊಂಡು ಅತ್ರು. ಟ್ಯಾಡ್ ಮುದುಕ ನನ್ನ ಹೆಸರು ಹಾಕಿ ಹಾಡು ಕಟ್ಟಿದ. ಮೀನಿಗೆ ಕಾಸು ತಗೊಳ್ಳಲ್ಲ ಅಂದ್ರು. ಅಷ್ಟಾದ ಮೇಲೆ 'ಕ್ಷಮಿಸಿ, ನಾನು ಧೀರೆ ಅಲ್ಲ, ಹೆದ್ರುಪುಕ್ಕಲಿ' ಅನ್ನೋಕಾಗುತ್ತಾ?"

"ಉಳಿದಿಬ್ರು?"

"ಅವರೂ ಹಾಕಿಲ್ಲ! ನಿನ್ನೆ ಕೊಳೆ ಕೋಣೆಯಲ್ಲಿ ಒಬ್ಬರಿಗೊಬ್ಬರು ಒಪ್ಪಿಕೊಂಡ್ವಿ. ಮಾಯ್ ಚುವಾ ನಕ್ಕು ನಕ್ಕು ಚಾದರದ ರಾಶಿ ಮೇಲೇ ಬಿದ್ಲು. ಡ್ರಗಾನಾ, 'ಕಂಪನಿಗೆ ನಿಷ್ಠೆಯಿಂದ ಇದ್ದಿದ್ದಕ್ಕೆ ಸಿಕ್ಕಿದ್ದು ಇದೇನಾ' ಅಂತ ಬೈಯೋಕೆ ಶುರುಮಾಡಿದೋಳು ಇನ್ನೂ ನಿಲ್ಲಿಸಿಲ್ಲ."

ಅವಳು ಕೈ ಒರೆಸಿಕೊಂಡು ಅಂಗೈ ಚಾಚಿದಳು.

"ಈಗ ಕೊಡಿ ಚೀಟಿ. ಮೂರು ಕೊಡಿ. ಶಿಕ್ಷೆ ಮುಂಗಡ ಕೊಟ್ಟಾಗಿದೆ, ತಪ್ಪನ್ನಾದ್ರೂ ಮಾಡೋಣ."

ನಾನು ಮೂರು ಚೀಟಿ ಕೊಟ್ಟೆ. ಅವಳು ಅವನ್ನು ರವಿಕೆಯೊಳಗೆ ತುರುಕಿಕೊಂಡು ಬಾಗಿಲಲ್ಲಿ ತಿರುಗಿ ನಿಂತಳು. "ಮಾಂಸದ ಲಾಟರಿ ಮುಗಿದ ಕೂಡ್ಲೆ ಮೈಕ್ ಹಿಡಿದು ಎಲ್ಲರ ಮುಂದೆ ಹೇಳಿಬಿಡ್ತೀನಿ. ಎದೆ ಹಗುರ ಆಗ್ಲಿ!"

ಬಾಗಿಲು ಬಡಿದುಕೊಂಡಿತು. ಒಡೆಸ್ಸಾ ನಗತೊಡಗಿದರು. ಅರವತ್ನಾಲ್ಕರ ಆ ಹೆಂಗಸು ಹೊಟ್ಟೆ ಹಿಡಿದುಕೊಂಡು, ಮಣಿಸರದಲ್ಲಿ ತೂಗುವ ಕನ್ನಡಕ ಎದೆಯ ಮೇಲೆ ಕುಣಿಯುವಂತೆ ನಕ್ಕರು. ಮೂವತ್ತೊಂದು ವರ್ಷ ಕೌಂಟಿ ಸರ್ಕಾರದ ಕಚೇರಿಯ ಡೇಟಾಬೇಸ್ ಕಾದವರು ಅವರು. ನಿವೃತ್ತಿಯ ಮೇಲೆ ನಮ್ಮ ಪಟ್ಟಿಯನ್ನು ಕಾಯಲು ಬಂದಿದ್ದರು, ಸಂಬಳವಿಲ್ಲದೆ.

ಆಮೇಲೆ ನಗು ಥಟ್ಟನೆ ನಿಂತಿತು.

"ಮೂವರಿಗೆ ಮೂವರೂ ತಪ್ಪು," ಎಂದರು. "ಕಣ್ಣು ಮುಚ್ಚಿ ಕಲ್ಲೆಸೆದ್ರೂ ಒಂದಾದ್ರೂ ಸರಿ ಬೀಳ್ಬೇಕು ಕಂದಾ. ಬಾ ನನ್ನ ಜೊತೆ."

*

ಅಡುಗೆಮನೆಯ ಹಿಂದೆ ಸಂಘದ ಪುಟ್ಟ ಆಫೀಸು. ಗೋಡೆಯಾಚೆ ದೊಡ್ಡ ಹಾಲ್‌ನಲ್ಲಿ ಶುಕ್ರವಾರದ ಊಟದ ಗದ್ದಲ. ಮೊದಲ ಪಾಳಿ ಬಿಟ್ಟು ಬಂದವರು, ಅವರ ಮಕ್ಕಳು, ಮೀನಿನ ತಟ್ಟೆಗಳು, ರೈ ರೊಟ್ಟಿ, ಬ್ರಾಂದಿ. ಲಾಟರಿಯ ಚಕ್ರ ತಿರುಗುವ ಕಟಕಟ. ಯಾರಿಗೋ ಹಂದಿಯ ತೊಡೆ ಬಂತು, ಕೇಕೆ ಎದ್ದಿತು.

ಒಡೆಸ್ಸಾ ಪಟ್ಟಿಯ ಹಳೇ ಪ್ರತಿಯಿಂದ ಒಂದು ಪುಟವನ್ನು ಮುದ್ರಿಸಿ ಮೇಜಿನ ಮೇಲೆ ಹರಡಿದರು.

ಆ ಪಟ್ಟಿಯಲ್ಲಿ ಲಾಂಡ್ರಿಯ ನಾನೂರ ಹನ್ನೆರಡು ಜನರೂ ಇದ್ದರು, ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೆಸರು, ಮನೆ, ಫೋನು, ಎಲ್ಲಕ್ಕೂ ಬೀಗ; ನೋಡಿದರೆ ಅಕ್ಷರ ಅಂಕಿಗಳ ಗೀಚು ಮಾತ್ರ. ಬೀಗ ತೆಗೆಯುವ ಕೀ ಡೇಟಾಬೇಸಿನಲ್ಲಿಲ್ಲ, ಬೇರೆ ಯಂತ್ರದಲ್ಲಿದೆ. ಅದನ್ನು ಯಾರು ಯಾವ ಗಳಿಗೆಯಲ್ಲಿ ಮುಟ್ಟಿದರೂ ಆ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಮೂರು ವಾರ ನಾವು ಆ ಬರಹವನ್ನೇ ಸೋಸಿದ್ದೆವು. ಪರರ ಕೈ ಸೋಕಿದ ಒಂದೇ ಒಂದು ಗುರುತು ಸಿಕ್ಕಿರಲಿಲ್ಲ.

"ಸಿಗಲ್ಲ," ಎಂದರು ಒಡೆಸ್ಸಾ. "ಯಾಕಂದ್ರೆ ಅವನು ಬೀಗ ತೆಗೆದೇ ಇಲ್ಲ. ಬೀಗ ನೋಡ್ಕೊಂಡೇ ಓದಿದಾನೆ. ಈ ಕೊನೆ ಕಾಲಂ ನೋಡು. 'ಸಹಿ' ಅಂತಿದೆಯಲ್ಲ. ಏನು ಕಾಣುತ್ತೆ?"

"ಗೀಚು."

"ಎಷ್ಟು ಥರದ ಗೀಚು?"

ಬೆರಳಿಟ್ಟು ಇಳಿಸಿದೆ. ಏಳರಿಂದ ಶುರುವಾಗುವ ಗೀಚು, ಮತ್ತೆ ಅದೇ, ಮತ್ತೆ ಅದೇ. ನಡುವೆ ಎರಡರಿಂದ ಶುರುವಾಗುವುದೊಂದು. ಪುಟದ ತಳದವರೆಗೂ ಮೂರನೆಯದು ಸಿಗಲಿಲ್ಲ.

"ಎರಡೇ ಥರ."

"ಹೌದು ಅನ್ನೋದಕ್ಕೆ ಯಾವಾಗ್ಲೂ ಒಂದೇ ಗೀಚು. ಇಲ್ಲ ಅನ್ನೋದಕ್ಕೆ ಯಾವಾಗ್ಲೂ ಇನ್ನೊಂದು. ಹಾಗೆ ಮಾಡಿದೋಳು ನಾನೇ. ಯಾಕೆ ಮಾಡ್ದೆ ಅಂತ ನಿನಗೆ ಗೊತ್ತು."

ಗೊತ್ತಿತ್ತು. ನಮಗೆ ದಿನಾ ಸಂಜೆ ಎಣಿಸಬೇಕಿತ್ತು. ಇವತ್ತಿಗೆ ಎಷ್ಟಾಯಿತು, ಇವತ್ತಿಗೆ ಎಷ್ಟಾಯಿತು ಎಂದು ಎಳೆ ಮಕ್ಕಳಂತೆ ಪೀಡಿಸುತ್ತಿದ್ದೆವು. ಪ್ರತಿ ಸಲ ಕೀ ತೆಗೆಯುವುದೇಕೆ, ಬೀಗ ಹಾಕಿದಂತೆಯೇ ಎಣಿಸಲು ಬರುವ ಹಾಗೆ ಮಾಡಿ ಎಂದು ಗಂಟುಬಿದ್ದವಳು ನಾನು. ಲಾಕರ್ ನಂಬರಿಗೆ ಬೀಗವೇ ಬೇಡ, ಆ ಹಳೇ ತಗಡಿನ ಪೆಟ್ಟಿಗೆಯ ನಂಬರು ಯಾರಿಗೆ ಬೇಕು ಎಂದವಳೂ ನಾನೇ. ಯಾವ ಲಾಕರ್ ಯಾರದೆಂದು ಬರೆದ ಹಾಳೆ ಮೇಲ್ವಿಚಾರಕ ಪ್ರೂಯಿಟ್‌ನ ಕೋಣೆಯಲ್ಲಿ ನೇತಾಡುತ್ತದೆ. ಅದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

"ಏಳರ ಗೀಚು ಮುನ್ನೂರ ಒಂಬತ್ತು," ಎಂದರು ಒಡೆಸ್ಸಾ. "ಎರಡರದ್ದು ನೂರ ಮೂರು. ಈಗ ನೀನು ಕಂಪನಿಯವರ ಮನುಷ್ಯ ಅಂತ ಇಟ್ಕೋ. ಕೀ ಇಲ್ಲ. ಯಾವುದು ಹೌದು, ಯಾವುದು ಇಲ್ಲ?"

ಆಗ ನನಗೆ ಬೆಳಕು ಹರಿಯಿತು. ಹರಿದ ಕೂಡಲೇ ನಗು ಉಕ್ಕಿತು.

"ಅಯ್ಯೋ ದೇವರೇ. ಮುನ್ನೂರು ಜನ ಹೆಂಗಸ್ರು ಸಹಿ ಹಾಕಿರ್ತಾರೆ ಅಂತ ಅವನಿಗೆ ಕನಸಲ್ಲೂ..."

"ಬೀಳಲಿಲ್ಲ!" ಒಡೆಸ್ಸಾ ಮೇಜು ಗುದ್ದಿದರು. "ಚಾದರ ಮಡಚೋರಲ್ವಾ ನಾವು? ಹೆದ್ರಿಕೊಂಡು ಬಿದ್ದಿರೋರು. ಹೆಚ್ಚು ಜನ ಹೆದರಿರ್ಲೇಬೇಕು, ಹಾಗಾಗಿ ಹೆಚ್ಚಿರೋದು 'ಇಲ್ಲ'. ಪಟ್ಟೀನ ತಲೆಕೆಳಗೆ ಹಿಡ್ಕೊಂಡು ಓದಿದ. ತಮ್ಮ ಪರವಾಗಿರೋರನ್ನೇ ಆರಿಸಿ ಆರಿಸಿ ಕೊಳೆ ಕೋಣೆಗೆ ಕಳಿಸಿದಾರೆ!"

ಇಬ್ಬರೂ ಒಬ್ಬರ ಭುಜವನ್ನೊಬ್ಬರು ಹಿಡಿದುಕೊಂಡು ನಕ್ಕೆವು. ಮೂರು ವಾರದಿಂದ ಅರ್ಥವಾಗದ್ದೆಲ್ಲ ಅರ್ಥವಾಯಿತು. ಕಂಪನಿ ಬೆದರಿಕೆಯ ಸಭೆ ಯಾಕೆ ಕರೆಯಲಿಲ್ಲ, ಪ್ರೂಯಿಟ್ ಯಾಕೆ ಸಿಳ್ಳೆ ಹಾಕುತ್ತ ತಿರುಗುತ್ತಿದ್ದ ಎಂಬುದೆಲ್ಲ. ಲಾಂಡ್ರಿಯಲ್ಲಿ ಸಂಘ ಬೇಕೋ ಬೇಡವೋ ಎಂಬ ಚುನಾವಣೆ ಕೇಳಿ ಸರ್ಕಾರಕ್ಕೆ ಅರ್ಜಿ ಹಾಕಲು ನೂರಕ್ಕೆ ಮೂವತ್ತು ಜನರ ಸಹಿ ಬೇಕು. ಅವರ ಲೆಕ್ಕದಲ್ಲಿ ನಮ್ಮ ಬಳಿ ಇಪ್ಪತ್ತೈದು.

"ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ಅರ್ಜಿ ಕೊಡ್ತೀವಿ," ಎಂದರು ಒಡೆಸ್ಸಾ, ಕಣ್ಣೊರೆಸಿಕೊಂಡು. "ಅಲ್ಲೀವರೆಗೆ ಅವರು ಹೀಗೇ ನಂಬಿರ್ಬೇಕು. ಇವತ್ತು ಗೊತ್ತಾದ್ರೆ ಎರಡು ದಿನ ಪೂರ್ತಿ ಸಿಗುತ್ತೆ ಅವರಿಗೆ. ಮುನ್ನೂರ ಒಂಬತ್ತು ಮನೆ ಬಾಗಿಲು ಬಡೀತಾರೆ. ಯಾರಿಗೆ ಈ ದೇಶದ ಕಾಗದಪತ್ರ ಇಲ್ಲ, ಯಾರ ಗಂಡ ಕಂಪನಿ ಲಾರಿ ಓಡಿಸ್ತಾನೆ, ಎಲ್ಲಾ ಗೊತ್ತು ಅವರಿಗೆ. ಅರ್ಧಕ್ಕರ್ಧ ಜನ ಸಹಿ ವಾಪಸ್ ತಗೋತಾರೆ."

"ಪಟ್ಟಿ ಸರಿಮಾಡೋಕಾಗಲ್ವಾ?"

"ಏನೋ ಅನುಮಾನ ಬಂದು ಮೊನ್ನೆಯೇ ಮಾಡ್ದೆ. ಈಗ ಒಂದೊಂದು ಸಾಲಿಗೂ ಬೇರೆ ಬೇರೆ ಚಿಟಿಕೆ ಉಪ್ಪು, ಅಂದ್ರೆ ಮನಸ್ಸಿಗೆ ಬಂದ ಅಂಕಿ, ಬೆರೆಸಿ ಬೀಗ ಹಾಕಿದೀನಿ. ಮುನ್ನೂರ ಒಂಬತ್ತು 'ಹೌದು'ಗೆ ಮುನ್ನೂರ ಒಂಬತ್ತು ಗೀಚು, ಒಂದರ ಹಾಗೆ ಇನ್ನೊಂದಿಲ್ಲ. ಲಾಕರ್ ನಂಬರಿಗೂ ಬೀಗ. ಆದ್ರೆ ಹೊರಗೆ ಹೋದ ಹಳೇ ಪ್ರತಿನ ನಾನು ಹೆಂಗೆ ಕರೆಸಿಕೊಳ್ಳಲಿ?"

ಅವರು ಪುಟವನ್ನು ಮಡಚಿದರು.

"ಈಗ ಕೇಳು. ಲಾಂಡ್ರಿಯ ಯಾರ ಕೈಗಾದ್ರೂ ಈ ಹಾಳೆ ಕೊಟ್ರೆ ಮೊದಲು ಏನು ನೋಡ್ತಾರೆ?"

"ತಮ್ಮ ಲಾಕರ್ ನಂಬರ್."

"ತಾವು ಹಾಕಿದೀವೋ ಇಲ್ವೋ ಅನ್ನೋದು ಅವರಿಗೆ ಗೊತ್ತು. ಆ ಒಂದು ಸಾಲು ಸಾಕು, ಯಾವ ಗೀಚು ಯಾವುದು ಅಂತ ತಿಳಿಯೋಕೆ. ಹಾಗಾಗಿ ಇದನ್ನ ಓದಿದೋನು ಲಾಂಡ್ರಿಯೋನಲ್ಲ. ಎಣಿಕೆ ಗೊತ್ತಿದ್ದ ಸಂಘದ ನಾವು ನಾಲ್ವರೂ ಅಲ್ಲ. ಓದಿದೋನು ಹೊರಗಿನೋನು. ಕೊಟ್ಟೋರು..."

ಕೊಟ್ಟವರು ಪ್ರತಿ ಇಟ್ಟುಕೊಂಡ ಮೂವರಲ್ಲಿ ಒಬ್ಬರಾಗಿರಲೇಬೇಕು.

ಯಾವ ದೊಡ್ಡ ಕಂಪನಿಯ ಯಂತ್ರದಲ್ಲೂ ನಮ್ಮ ಪಟ್ಟಿ ಇಡಬಾರದೆಂಬುದು ಸಂಘದ ಹಳೇ ಹಟ. ಹಿಂದೆ ಚೀಟಿಗಳ ಪೆಟ್ಟಿಗೆಯನ್ನು ಮೂರು ಮನೆಯವರು ಹಂಚಿಕೊಂಡು ಇಟ್ಟುಕೊಳ್ಳುತ್ತಿದ್ದರಂತೆ. ಈಗಲೂ ಹಾಗೇ, ಪ್ರತಿ ಶುಕ್ರವಾರ ಇಡೀ ಡೇಟಾಬೇಸ್ ಮೂರು ಪೆನ್‌ಡ್ರೈವಿಗೆ ಇಳಿದು ಮೂವರ ಮನೆಗೆ ಹೋಗುತ್ತದೆ. ಒಂದು ನನ್ನದು, ಸ್ನಾನಕ್ಕೂ ಕೊರಳಿಂದ ತೆಗೆದಿಲ್ಲ. ಒಂದು ಟ್ಯಾಡ್ ವಿಚೋರೆಕ್‌ನದು. ಬಾಯ್ಲರ್ ಕೆಲಸದಿಂದ ನಿವೃತ್ತನಾದ ಟ್ಯಾಡ್ ಈಗ ಹಾಲಿನಲ್ಲಿ ಅಕಾರ್ಡಿಯನ್ ನುಡಿಸುತ್ತಾನೆ; ಅವನ ಪೆನ್‌ಡ್ರೈವ್ ಆ ವಾದ್ಯದ ಪೆಟ್ಟಿಗೆಯೊಳಗೆ ಕರವಸ್ತ್ರದಲ್ಲಿ ಕಟ್ಟಿಕೊಂಡೇ ಇರುತ್ತದೆ. ಅವನ ಮನೆಯಲ್ಲಿ ಕಂಪ್ಯೂಟರೇ ಇಲ್ಲ. ಫೋನಿಗೂ ತಿರುಗಿಸುವ ಚಕ್ರ.

ಮೂರನೆಯದು ಕಾರ್ಲಿಸ್‌ಳದು. ಆಫೀಸಿನ ಕಾರ್ಲಿಸ್, ಇಪ್ಪತ್ತೆರಡು ವರ್ಷದಿಂದ ಈ ಮೇಜಿನ ಹಿಂದೆ ಕೂತವಳು. ನನ್ನ ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಕೇಕು ಮಾಡಿದವಳು.

ಒಡೆಸ್ಸಾ ಡ್ರಾಯರಿನಿಂದ ಕಾರ್ಲಿಸ್ ಮಧ್ಯಾಹ್ನ ಹಿಂದಿರುಗಿಸಿದ್ದ ಪೆನ್‌ಡ್ರೈವ್ ತೆಗೆದು ಚುಚ್ಚಿದರು. ಪರದೆಯಲ್ಲಿ ನಮ್ಮ ಫೈಲು. ಅದರ ಪಕ್ಕ, ಮಬ್ಬಾಗಿ, ಅಡಗಿಕೊಂಡಂತೆ ಇನ್ನೊಂದು ಪುಟ್ಟ ಫೈಲು.

"ಇದು ನಮ್ಮದಲ್ಲ. ಕೆಲವು ಜಾತಿ ಕಂಪ್ಯೂಟರಿಗೆ ಚುಚ್ಚಿದ್ರೆ ಅದು ತನ್ನ ಗುರುತು ಹೀಗೆ ಬಿಟ್ಟು ಹೋಗುತ್ತೆ. ಆ ಜಾತಿದು ಈ ಹಾಲಲ್ಲಿ ಒಂದೂ ಇಲ್ಲ. ತಾರೀಕು ನೋಡು. ಮಂಗಳವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು."

"ಲಿಯಾಂಟೀನ್ ಮೈಕ್..." ಎಂದೆ.

"ಲಾಟರಿ ಮುಗಿಯೋಕೆ ಇನ್ನೂ ಅರ್ಧ ಗಂಟೆ ಇದೆ. ಮೊದಲು ಕಾರ್ಲಿಸ್‌ನ ಕರಿ."

*

ಕಾರ್ಲಿಸ್ ಏಪ್ರನ್ನಿಗೆ ಕೈ ಒರೆಸುತ್ತ ಬಂದಳು. "ಏನು ಚಿನ್ನಾ, ಎಲೆಕೋಸಿನ ಸಲಾಡ್ ಖಾಲಿ ಆಯ್ತು ಅಂತಾನಾ? ಇನ್ನೊಂದು ಬಕೆಟ್ ಇದೆ..."

"ಕೂತ್ಕೋ ಕಾರ್ಲಿಸ್," ಎಂದರು ಒಡೆಸ್ಸಾ. "ಮಂಗಳವಾರ ಬೆಳಿಗ್ಗೆ ನಿನ್ನ ಪೆನ್‌ಡ್ರೈವ್ ಎಲ್ಲಿತ್ತು?"

"ನನ್ನ ಚೀಲದಲ್ಲಿ."

"ಚೀಲ ಎಲ್ಲಿತ್ತು?"

ಅವಳು ನನ್ನ ಮುಖ ನೋಡಿದಳು. ನಾನು ಪರದೆ ನೋಡಿದೆ.

"ಇದೇನು ವಿಚಾರಣೆನಾ? ಇಪ್ಪತ್ತೆರಡು ವರ್ಷ ಆಯ್ತು ನನಗೆ ಇಲ್ಲಿ!"

"ಅದಕ್ಕೇ ಕೂತ್ಕೋ ಅಂದೆ. ಬೇರೆಯೋರಾಗಿದ್ರೆ ನಿಲ್ಲಿಸಿ ಕೇಳ್ತಿದ್ದೆ. ಯಾರಿಗೆ ಕೊಟ್ಟೆ?"

"ಯಾರಿಗೂ ಕೊಟ್ಟಿಲ್ಲ. ಬರೀ... ನೋಡೋಕೆ ಕೊಟ್ಟೆ." ಅವಳ ಕೆನ್ನೆ ಕೆಂಪೇರಿತು. "ಅದಕ್ಕೆ ಬೀಗ ಇದೆಯಲ್ಲ! ನೀವೇ ಹೇಳಿದ್ರಿ ಮಿಸ್ ಒಡೆಸ್ಸಾ, ಈ ಮೇಜಿನ ಮುಂದೆ ನಿಂತು ಹೇಳಿದ್ರಿ. 'ಇದನ್ನ ಬೀದಿಲಿ ಬಿಸಾಕಿದ್ರೂ ಯಾರಿಗೂ ಓದೋಕಾಗಲ್ಲ' ಅಂತ. ಹೇಳಿದ್ರೋ ಇಲ್ವೋ?"

ಒಡೆಸ್ಸಾ ಕನ್ನಡಕ ತೆಗೆದರು.

"ಹೇಳಿದ್ದೆ," ಎಂದರು. "ಆ ಮಾತು ನನ್ನದೇ. ಅದರ ತಪ್ಪು ನನ್ನ ಲೆಕ್ಕಕ್ಕೆ ಬರ್ಕೋ. ಈಗ ಹೆಸರು ಹೇಳು."

ಕಾರ್ಲಿಸ್‌ಳ ಸಿಟ್ಟು ಇಳಿದುಹೋಯಿತು. ಇಳಿದ ಮೇಲೆ ಉಳಿದದ್ದು ಬರೀ ಅಳು.

"ಪ್ರೊಫೆಸರ್ ಸೇಯರ್. ಬಡ ಹೆಂಗಸರ ಸಂಘ ಗುಟ್ಟು ಕಾಪಾಡೋದು ಹೇಗೆ ಅಂತ ಒಂದು ಅಧ್ಯಾಯ ಇದೆಯಂತೆ ಅವರ ಪುಸ್ತಕದಲ್ಲಿ. ಹೆಸರೇನೂ ಕಾಣಲ್ಲ, ಗೀಚು ಮಾತ್ರ ನೋಡ್ತೀನಿ ಅಂದ್ರು. ಒಂದು ತಿಂಗಳಿಂದ ಮಂಗಳವಾರ ಮಂಗಳವಾರ ಕಾಫಿಗೆ ಕರೆದು ನೋಡ್ತಿದ್ರು. ಪುಸ್ತಕದ ಮೊದಲ ಪುಟದಲ್ಲಿ ನನ್ನ ಹೆಸರು ಹಾಕ್ತೀನಿ ಅಂದ್ರು ಚಿನ್ನಾ. ನನ್ನ ಹೆಸರು ಯಾರೂ ಎಲ್ಲೂ ಹಾಕಿಲ್ಲ."

ನನಗೆ ಬೈಯಬೇಕೆನಿಸಿತ್ತು. ಆ ಕೊನೆಯ ಮಾತು ಕೇಳಿ ಬೈಗುಳ ಬಾಯಲ್ಲೇ ಉಳಿಯಿತು. ಇಪ್ಪತ್ತೆರಡು ವರ್ಷದ ಕರಪತ್ರಗಳನ್ನೆಲ್ಲ ಅಚ್ಚು ಹಾಕಿಸಿದವಳು ಅವಳು. ಒಂದರ ಕೆಳಗಾದರೂ ನಾವು ಅವಳ ಹೆಸರು ಬರೆದಿರಲಿಲ್ಲ.

ಸೇಯರ್! ಚಳಿಗಾಲದಿಂದ ಪ್ರತಿ ಶುಕ್ರವಾರ ನಾಲ್ಕನೇ ಮೇಜಿನಲ್ಲಿ ಕೂತು, ಮೀನನ್ನು ಚಾಕು ಮುಳ್ಳುಚಮಚದಿಂದ ಬಿಡಿಸಿ ತಿನ್ನುತ್ತಿದ್ದವನು. ನಮ್ಮ ನೋವು ಹೇಳಿದರೆ ಪುಟ ಪುಟ ಬರೆದುಕೊಳ್ಳುತ್ತಿದ್ದ; ನಾವು ಜೋಕು ಹೇಳಿದರೆ ಪೆನ್ನು ಕೆಳಗಿಡುತ್ತಿದ್ದ. ನಾವು ಅಳುವವರೆಂದು ಅವನಿಗೆ ಗೊತ್ತಿತ್ತು. ನಾವು ಮುನ್ನೂರ ಒಂಬತ್ತು ಜನ ಎಂಬುದು ಅವನ ತಲೆಗೆ ಹೊಗಲೇ ಇಲ್ಲ. ಕಂಪನಿಯ ಸಂಬಳ ತಿನ್ನುವ ಪಂಡಿತನಿಗೂ ಕಂಪನಿಯಷ್ಟೇ ಕಣ್ಣು.

"ಇವತ್ತು ಬಂದಿದಾನಾ?" ಎಂದರು ಒಡೆಸ್ಸಾ.

"ಈಗ ತಾನೇ ಎರಡನೇ ತಟ್ಟೆ ಬಡಿಸಿ ಬಂದೆ."

ಅಷ್ಟರಲ್ಲಿ ಗೋಡೆಯಾಚೆ ಚಕ್ರದ ಕಟಕಟ ನಿಂತಿತು. ಮೈಕ್ ಕಿರ್ ಎಂದಿತು.

"ಕೇಳ್ರಪ್ಪಾ ಎಲ್ಲಾರೂ!" ಲಿಯಾಂಟೀನಳ ದನಿ. "ಬೇಕನ್ ಪೊಟ್ಟಣ ಕಮ್ಮಿ ಬಂದಿದೆ, ಲಾಟರಿ ಬೇಗ ಮುಗೀತು. ಈಗ ನಂದೊಂದು ತಪ್ಪೊಪ್ಪಿಗೆ!"

ನಾವು ಓಡಿದೆವು.

*

ಹಾಲಿನ ಬಾಗಿಲು ತಳ್ಳುವ ಹೊತ್ತಿಗೆ ಅವಳು ಮಾತಿನ ನಡುವೆ ಇದ್ದಳು. ಟ್ಯಾಡ್ ಮುದುಕನಿಗೆ ಕಿವಿ ಮಂದ. ಲಾಟರಿ ಮುಗಿದರೆ ಪೋಲ್ಕಾ ಕುಣಿತ ಎಂಬುದಷ್ಟೇ ಅವನಿಗೆ ಗೊತ್ತು. ಅವಳ ಬೆನ್ನ ಹಿಂದೆಯೇ ಅಕಾರ್ಡಿಯನ್ ಹಿಗ್ಗಿಸಿ ಶುರುಮಾಡಿಬಿಟ್ಟಿದ್ದ.

"...ನಾವು ಮೂವರೂ ಸಹಿ ಹಾಕೇ ಇಲ್ಲ! ಬಿಟ್ಟಿ ಮೀನು ತಿಂದಿದ್ದು ಸುಳ್ಳು ಲೆಕ್ಕ!"

ಮುಂದಿನ ನಾಲ್ಕೈದು ಮೇಜುಗಳಲ್ಲಿ ನಗು ಸ್ಫೋಟಿಸಿತು. ಯಾರೋ ತಟ್ಟೆ ಬಡಿದರು. ಡ್ರಗಾನಾ ಕುರ್ಚಿಯ ಮೇಲೆ ಹತ್ತಿ ತನ್ನ ಹೊಸ ಚೀಟಿಯನ್ನು ಬಾವುಟದಂತೆ ಬೀಸಿದಳು. ಹಿಂದಿನ ಮೇಜಿನವರು "ಏನಂತೆ? ಏನಂತೆ?" ಎಂದು ಕೂಗುತ್ತಿದ್ದರು.

ನಾಲ್ಕನೇ ಮೇಜಿನಲ್ಲಿ ಸೇಯರ್ ಮಾತ್ರ ನಗುತ್ತಿರಲಿಲ್ಲ. ಅವನ ಮುಳ್ಳುಚಮಚ ಗಾಳಿಯಲ್ಲೇ ನಿಂತಿತ್ತು. ತುಟಿ ಲೆಕ್ಕ ಹಾಕುತ್ತಿತ್ತು. ನೋಡನೋಡುತ್ತಿದ್ದಂತೆ ಅವನ ಮುಖ ಬಿಳುಚಿತು. ಕೋಟಿಗೆ ಕೈಹಾಕಿ ಎದ್ದ.

"ಕುಣಿಸು ಅವನನ್ನ," ಎಂದರು ಒಡೆಸ್ಸಾ ನನ್ನ ಕಿವಿಯಲ್ಲಿ.

"ಆ?"

"ಬಾಗಿಲು ಮುಟ್ಟೋಕೆ ಬಿಡ್ಬೇಡ. ಎರಡೂ ಕೈ ಹಿಡಿದುಕೊಂಡು ಕುಣಿಸು!"

ನಾನು ಮಾಯ್ ಚುವಾಳಿಗೆ ಕಣ್ಣಲ್ಲೇ ಹೇಳಿದೆ. ನಾಲ್ಕಡಿ ಹತ್ತಂಗುಲದ ಮಾಯ್ ಚುವಾ ದಿನಕ್ಕೆ ಎರಡು ಟನ್ ಒದ್ದೆ ಬಟ್ಟೆ ಎಳೆಯುವವಳು. ಪ್ರೊಫೆಸರನ ಎರಡೂ ಮಣಿಕಟ್ಟು ಹಿಡಿದಳು. "ಬನ್ನಿ ಸಾರ್, ಒಂದು ಸುತ್ತು!" ಎಂದಳು. ಅವನು ಬೇಡ ಬೇಡ ಎನ್ನುತ್ತಲೇ ಎರಡು ಸುತ್ತು ತಿರುಗಿದ. ಅವಳ ಕೈಯಿಂದ ಇಸ್ತ್ರಿ ವಿಭಾಗದ ಹೆಂಗಸರ ಕೈಗೆ ದಾಟಿದ, ಅಲ್ಲಿಂದ ಮಡಿಕೆ ವಿಭಾಗಕ್ಕೆ. ಯಾಕೆ ಕುಣಿಸುತ್ತಿದ್ದೇವೆಂದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆಯೇ ಅಷ್ಟು ಚೆನ್ನಾಗಿ ಕುಣಿಸಿದರು! ಕನ್ನಡಕ ಒಂದು ಕಡೆ, ಟೈ ಇನ್ನೊಂದು ಕಡೆ. ನಮ್ಮ ಬಗ್ಗೆ ಬರೆಯಲು ಬಂದವನು ಮೊದಲ ಸಲ ನಮ್ಮ ಜೊತೆ ಬೆವರುತ್ತಿದ್ದ.

ಹಾಲಿಗೆ ಹಾಲೇ ಚಪ್ಪಾಳೆ ತಟ್ಟುತ್ತಿತ್ತು. ನನ್ನ ಕಾಲುಗಳೂ ಕುಣಿಯುತ್ತಿದ್ದವು. ಕುಣಿಯುವ ಕಾಲಲ್ಲೇ ನಾಲ್ಕನೇ ಮೇಜಿಗೆ ಹೋದೆ.

ಅರ್ಧ ತಿಂದ ಮೀನು. ತೆರೆದಿಟ್ಟ ಟಿಪ್ಪಣಿ ಪುಸ್ತಕ. ರೊಟ್ಟಿಯ ಬುಟ್ಟಿಗೆ ಒರಗಿಸಿ, ಮುಖ ಕೆಳಗೆ ಮಾಡಿ ಇಟ್ಟ ಫೋನು.

ಎತ್ತಿ ತಿರುಗಿಸಿದೆ.

ಪರದೆ ಬೆಳಗುತ್ತಿತ್ತು. ಕರೆ ನಡೆಯುತ್ತಿತ್ತು. ನಲವತ್ತೊಂದು ನಿಮಿಷದಿಂದ.

ಕಿವಿಗಿಟ್ಟುಕೊಂಡೆ. ಆ ಕಡೆ ಉಸಿರು. ಆಮೇಲೆ ಹನ್ನೊಂದು ವರ್ಷದಿಂದ ನನ್ನನ್ನು ಗದರಿದ ದನಿ. ಪ್ರೂಯಿಟ್.

"ಸೇಯರ್ ಸಾಹೇಬ್ರೇ? ಆ ದಪ್ಪ ಹೆಂಗಸು ಏನಂದ್ಲು? ದರಿದ್ರ ಅಕಾರ್ಡಿಯನ್ನಲ್ಲಿ ಒಂದಕ್ಷರ ಕೇಳಿಸ್ಲಿಲ್ಲ. ಯಾಕೆ ಅಷ್ಟು ನಗ್ತಿದಾರೆ?"

ಕೇಳಿಸಿಲ್ಲ! ಹೆಬ್ಬೆರಳನ್ನು ಕೆಂಪು ಗುಂಡಿಯ ಮೇಲಿಟ್ಟೆ.

"ಇರ್ಲಿ ಬಿಡಿ," ಎಂದ ಪ್ರೂಯಿಟ್. "ಹೊರಗೆ ಕಾರಲ್ಲೇ ಇದ್ದೀನಿ. ನಾನೇ ಒಳಗೆ ಬಂದು ಕೇಳ್ತೀನಿ."

ಕಾರಿನ ಬಾಗಿಲು ಬಡಿದ ಸದ್ದು ಫೋನಿನಲ್ಲೂ ಕೇಳಿಸಿತು, ಕಿಟಕಿಯಾಚೆಯಿಂದಲೂ ಕೇಳಿಸಿತು.

ಅದೇ ಗಳಿಗೆಗೆ ಟ್ಯಾಡ್ ಉಸಿರು ತೆಗೆದುಕೊಳ್ಳಲು ಅಕಾರ್ಡಿಯನ್ ಮುಚ್ಚಿದ. ಇಡೀ ಹಾಲ್ ಸ್ತಬ್ಧವಾಯಿತು. ಕುಣಿತ ನಿಂತ ಜಾಗದಲ್ಲೇ ಸೇಯರ್ ಏದುಸಿರು ಬಿಡುತ್ತ ನನ್ನ ಕೈಯಲ್ಲಿದ್ದ ಫೋನನ್ನು ನೋಡಿದ.

ವೇದಿಕೆಯ ಮೇಲೆ ಲಿಯಾಂಟೀನ್ ಮೈಕನ್ನು ಮತ್ತೆ ಬಾಯಿಗೆ ಹಿಡಿದಳು.

"ಹಿಂದಿನ ಮೇಜಿನೋರಿಗೆ ಕೇಳಿಸ್ಲಿಲ್ವಂತೆ! ಸುಮ್ನಿರಿ, ಎಲ್ಲಾರಿಗೂ ಕೇಳೋ ಹಾಗೆ ಇನ್ನೊಂದು ಸಲ ಹೇಳ್ತೀನಿ!"

ಹೊರಬಾಗಿಲಿನ ಹಿಡಿ ತಿರುಗಿತು.